ಗೋಡೆಗೆ ಮನೆಯವರಿದ್ದಾರೆ

(ಹಳ್ಳಿಗಳಲ್ಲಿ ನಡೆಯುವ ಗೋಡೆ ಚಿತ್ರದ ಶಿಬಿರಗಳ ಬಗ್ಗೆ ಧಾರವಾಡದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಚಿತ್ರಕಲೆ ಓದುವ ಹುಡುಗ ಹುಡುಗಿಯರು ಕೂತಿದ್ದೀರಿ. ಹಿಂದೆ ಗದಗ, ಹಾವೇರಿ ಕಡೆಯಿಂದ ಬಂದ ಪಂಚಾಯಿತಿ ಸದಸ್ಯರಿದ್ದೀರಿ. ಬಾಗಿಲ ಹತ್ತಿರ ಇಬ್ಬರು ಮೂವರು ಪೇಂಟರ್ ಅಣ್ಣಂದಿರು ನಿಂತೇ ಇದ್ದಾರೆ. ಒಳಗೆ ಬನ್ನಿ, ಕುರ್ಚಿ ಖಾಲಿ ಇವೆ. ಇವತ್ತಿನ ಮಾತಿನಲ್ಲಿ ನಿಮ್ಮ ಪಾಲೂ ಇದೆ.

ಈಚೆಗೆ ನಮ್ಮ ಭಾಗದಲ್ಲೂ ಗೋಡೆ ಚಿತ್ರದ ಶಿಬಿರ ಮಾಡೋಣ ಅನ್ನುವ ಮಾತು ಕೇಳಿಬರುತ್ತಿದೆ. ಹೊರಗಿನಿಂದ ಐದಾರು ಕಲಾವಿದರನ್ನು ಕರೆಸುವುದು, ಎರಡು ಮೂರು ವಾರ ಊರಲ್ಲೇ ಉಳಿಸಿಕೊಳ್ಳುವುದು, ಅವರು ಮನೆಗಳ ಗೋಡೆ ಮೇಲೆ ಚಿತ್ರ ಬರೆಯುವುದು. ಕೇಳೋಕೆ ಚಂದ. ಇಂಥ ಕೆಲವು ಶಿಬಿರಗಳಲ್ಲಿ ನಾನೂ ಓಡಾಡಿದ್ದೇನೆ. ಬಣ್ಣದ ಡಬ್ಬಿ ಹೊತ್ತಿದ್ದೇನೆ, ಏಣಿ ಹಿಡಿದಿದ್ದೇನೆ, ಊರವರಿಂದ ಬೈಸಿಕೊಂಡಿದ್ದೇನೆ. ಅಲ್ಲಿ ನನಗೆ ಪದೇ ಪದೇ ಕಂಡಿದ್ದು ಒಂದೇ ಸಂಗತಿ. ಬಂದ ಕಲಾವಿದರು ಗೋಡೆ ನೋಡಿದ ಕೂಡಲೇ ಅದು ಖಾಲಿ ಇದೆ ಅಂದುಕೊಳ್ಳುತ್ತಾರೆ. ಅದು ಖಾಲಿ ಇರುವುದಿಲ್ಲ. ಅದಕ್ಕೆ ಮನೆಯವರಿದ್ದಾರೆ. ಅದಕ್ಕೆ ವರ್ಷವಿಡೀ ಕೆಲಸ ಇದೆ. ಚಿತ್ರ ಹೇಗಿರಬೇಕು ಅನ್ನೋದನ್ನು ಆ ಕೆಲಸ ಅರ್ಧ ತೀರ್ಮಾನ ಮಾಡಬೇಕು ಅನ್ನೋದು ನನ್ನ ವಾದ.

ಕಲಾ ಶಿಬಿರ ಅಂದರೆ ಇಲ್ಲಿನ ವಿದ್ಯಾರ್ಥಿಗಳಿಗೆ ಗೊತ್ತಿರೋದು ಕ್ಯಾನ್ವಾಸ್ ಶಿಬಿರ. ಸಂಘಟಕರು ಊಟ, ವಸತಿ, ಬಣ್ಣ ಕೊಡುತ್ತಾರೆ. ನಾಲ್ಕೈದು ದಿನ ಆದ ಮೇಲೆ ಕಲಾವಿದರು ತಮ್ಮ ಊರಿಗೆ, ಚಿತ್ರ ಸಂಘಟಕರ ಕಚೇರಿಗೆ. ಚಿತ್ರ ಚೆನ್ನಾಗಿ ಬರದಿದ್ದರೆ ಬೀರುವಿನ ಹಿಂದೆ ಇಟ್ಟರಾಯಿತು, ಯಾರಿಗೂ ತೊಂದರೆ ಇಲ್ಲ. ಗೋಡೆಯ ಕತೆ ಹಾಗಲ್ಲ. ಬರೆದವರು ಬಸ್ಸು ಹತ್ತಿ ಹೋಗುತ್ತಾರೆ. ಚಿತ್ರ ಅಲ್ಲೇ ಇರುತ್ತದೆ. ಬೆಳಗ್ಗೆ ಎದ್ದು ಕಸ ಹೊಡೆಯೋಕೆ ಹೊರಗೆ ಬರುವ ಸೊಸೆಗೆ ದಿನಾ ಅದೇ ಕಾಣುತ್ತದೆ.

ಗದಗ ತಾಲ್ಲೂಕಿನ ಒಂದು ಎರೆ ಸೀಮೆಯ ಊರಿನಲ್ಲಿ ನಡೆದದ್ದು ಹೇಳುತ್ತೇನೆ. ಬರೋಡಾದಲ್ಲಿ ಕಲಿತ ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆಯ ಕೈ. ರಸ್ತೆಗೆ ಮುಖ ಮಾಡಿದ ಒಂದು ಉದ್ದನೆಯ ಗೋಡೆ ಅವಳಿಗೆ ತುಂಬ ಹಿಡಿಸಿತು. ಮನೆಯ ಅಜ್ಜಿ ಕಟ್ಟೆ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದರು. ಕನ್ನಡ ಬಾರದ ಹುಡುಗಿ, ಜೊತೆಗೆ ಊರಿನ ಒಬ್ಬ ಕಾಲೇಜು ಹುಡುಗಿ ಮಾತು ದಾಟಿಸೋಕೆ.

“ನನ್ನ ಗ್ವಾಡಿ ಮ್ಯಾಲೆ ಏನ ಬರೀತಿಯವಾ?” ಅಂತ ಅಜ್ಜಿ ಕೇಳಿದರು.

ನಿಮ್ಮದೇ ಮುಖ ದೊಡ್ಡದಾಗಿ ಬರೀತಾಳಂತೆ ಆಯಿ, ಅಂತ ಕಾಲೇಜು ಹುಡುಗಿ ಹೇಳಿದಳು.

“ಅಯ್ಯ, ನಂದ್ಯಾಕ? ನಾ ಸತ್ತ ಮ್ಯಾಲೂ ಸೊಸಿ ದಿನಾ ನನ್ನ ಮಾರಿ ನೋಡಬೇಕನ? ಈಗ ನೋಡೂದ ಸಾಕಾಗೈತಿ ಆಕಿಗೆ.”

ಒಳಗಿನಿಂದ ಸೊಸೆ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅಜ್ಜಿ ತಮ್ಮ ಕರಾರು ಹೇಳಿದರು. ಗೂಬಿ ಬ್ಯಾಡ. ಕಾಗಿ ಬ್ಯಾಡ. ಕರಿ ಬಣ್ಣ ಜಾಸ್ತಿ ಬ್ಯಾಡ. ಎಲ್ಲಕ್ಕಿಂತ ಮುಖ್ಯದ್ದು ಕೊನೆಗೆ ಬಂತು: “ತಳಕ ನಾ ಕುಳ್ಳ ಬಡೀತೀನಿ. ಅಷ್ಟ ಜಾಗಾ ಬಿಟ್ಟು ಮ್ಯಾಲೆ ಏನರ ಬರಕೊ.”

ಕುಳ್ಳು ಅಂದರೆ ಗೋಡೆಗೆ ತಟ್ಟಿ ಒಣಗಿಸುವ ಸೆಗಣಿಯ ಬೆರಣಿ. ಹುಡುಗಿಗೆ ಮೊದಲು ಬೇಜಾರಾಯಿತು. ಮೂರು ಅಡಿ ಬಿಟ್ಟುಬಿಟ್ಟರೆ ಗೋಡೆಯ ಅಳತೆಯೇ ಕೆಟ್ಟುಹೋಗುತ್ತದೆ ಅಂದಳು. ಎರಡು ದಿನ ಸುಮ್ನೆ ಊರು ಸುತ್ತಿದಳು, ಹೊಲಕ್ಕೆ ಹೋಗಿ ಬಂದಳು. ಆಮೇಲೆ ಗೋಡೆಯ ಮೇಲ್ಭಾಗದಲ್ಲಿ ಹೂ ಬಿಟ್ಟ ಕುಸುಬೆ ಹೊಲ ಬರೆಯೋಕೆ ಶುರು ಮಾಡಿದಳು. ಹಳದಿ, ಕಿತ್ತಳೆ, ನಡುವೆ ಒಂದಿಷ್ಟು ಗುಬ್ಬಿ. ಅಜ್ಜಿ ದಿನಾ ಸಂಜೆ ಬಂದು ನೋಡುತ್ತಿದ್ದರು. ಒಂದು ದಿನ ಹತ್ತಿರ ಹೋಗಿ, ಕೈಯಿಂದ ಎಲೆ ಮುಟ್ಟಿ ನೋಡಿ, “ಮುಳ್ಳ ಎಲ್ಲೈತಿ?” ಅಂದರು. ಕುಸುಬೆ ಕೊಯ್ದವರಿಗೆ ಗೊತ್ತು. ಕೈಗೆ ಬಟ್ಟೆ ಸುತ್ತಿಕೊಳ್ಳದೆ ಆ ಗಿಡದ ಹತ್ತಿರ ಹೋಗೋಕಾಗಲ್ಲ. ಹುಡುಗಿ ನೋಡಿದ್ದು ಹೂವನ್ನು. ಅಜ್ಜಿಗೆ ಆ ಬೆಳೆ ಅಂದರೆ ಮೊದಲು ಮುಳ್ಳು. ಮರುದಿನ ಸಣ್ಣ ಬ್ರಷ್ಷಿನಲ್ಲಿ ಪ್ರತಿ ಎಲೆಯ ಅಂಚಿಗೂ ಮುಳ್ಳು ಬಂತು. ಚಿತ್ರಕ್ಕೆ ನಿಜವಾದ ಜೀವ ಬಂದಿದ್ದು ಆವಾಗಲೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕೆಳಗೆ ಸಾಲಾಗಿ ಕುಳ್ಳು. ಒಂದೊಂದರ ಮೇಲೂ ಅಜ್ಜಿಯ ಬೆರಳಿನ ಗುರುತು. ಒಣಗಿದ್ದು ಕಿತ್ತಾಗ ಗೋಡೆ ಮೇಲೆ ದುಂಡನೆಯ ಕಲೆ ಉಳಿಯುತ್ತದೆ, ಅದರ ಮೇಲೆ ಮತ್ತೆ ಹೊಸದು. ಫೋಟೋ ತೆಗೆಯೋಕೆ ಬಂದವರೊಬ್ಬರು ಕುಳ್ಳು ತೆಗೆಸಿ ಅಂದರು. ಯಾರೂ ತೆಗೆಯಲಿಲ್ಲ.

ಇನ್ನೊಂದು ವಿಷಯ. ಆ ಮೂರು ಅಡಿ ಬಿಟ್ಟಿದ್ದು ಗೋಡೆಯ ದೃಷ್ಟಿಯಿಂದಲೂ ಸರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳಿ. ಶಿಬಿರಗಳಲ್ಲಿ ಎಲ್ಲರೂ ಚಿತ್ರದ ವಿಷಯ ಚರ್ಚೆ ಮಾಡುತ್ತಾರೆ, ಗೋಡೆಯ ವಿಷಯ ಯಾರೂ ಕೇಳುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಕಲ್ಲು ಮಣ್ಣಿನದು. ಎರೆ ಭೂಮಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಆ ತೇವ ಬುನಾದಿಯಿಂದ ಮೇಲಕ್ಕೆ ಏರುತ್ತದೆ. ಬರುವಾಗ ನೆಲದ ಉಪ್ಪನ್ನೂ ಜೊತೆಗೆ ತರುತ್ತದೆ. ಸವಳು ಅಂತೀವಲ್ಲ, ಅದೇ. ನೀರು ಗೋಡೆಯ ಹೊರಮೈಗೆ ಬಂದು ಆರಿಹೋಗುತ್ತದೆ, ಉಪ್ಪು ಅಲ್ಲೇ ಹರಳಾಗಿ ನಿಲ್ಲುತ್ತದೆ. ಗೋಡೆಗೆ ಸುಣ್ಣವೋ ಕೆಮ್ಮಣ್ಣೋ ಬಳಿದಿದ್ದರೆ ತೇವ ಹೊರಗೆ ಹೋಗೋಕೆ ದಾರಿ ಇರುತ್ತದೆ. ಸ್ವಲ್ಪ ಪುಡಿ ಉದುರುತ್ತದೆ, ಹಬ್ಬಕ್ಕೆ ಮತ್ತೆ ಬಳಿದರಾಯಿತು. ಅದೇ ಗೋಡೆಗೆ ಪುಟ್ಟಿ ಮೆತ್ತಿ, ಪ್ರೈಮರ್ ಹೊಡೆದು, ಎಮಲ್ಷನ್ ಬಣ್ಣ ಹಚ್ಚಿದರೆ ಏನಾಗುತ್ತದೆ? ಪ್ಲಾಸ್ಟಿಕ್ ಪದರ ಹೊದಿಸಿದ ಹಾಗಾಯಿತು. ತೇವಕ್ಕೆ ದಾರಿ ಮುಚ್ಚಿತು. ಉಪ್ಪು ಬಣ್ಣದ ಹಿಂದೆ ಕಟ್ಟಿಕೊಂಡು ಅದನ್ನು ಒಳಗಿನಿಂದ ನೂಕುತ್ತದೆ. ಒಂದೆರಡು ಮಳೆಗಾಲ ಕಳೆಯೋದರಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಬರೀ ಬಣ್ಣ ಬಿದ್ದರೆ ಪರವಾಗಿಲ್ಲ, ಮಣ್ಣಿನ ಗಿಲಾವನ್ನೂ ಕಿತ್ತುಕೊಂಡು ಬೀಳುತ್ತದೆ. ಅದರ ರಿಪೇರಿ ಖರ್ಚು ಮನೆಯವರ ತಲೆಗೆ.

ಹಳೆಯ ಮನೆಗಳನ್ನು ಗಮನಿಸಿ. ಕೆಳಗೆ ಎರಡು ಮೂರು ಅಡಿ ಕೆಮ್ಮಣ್ಣಿನ ಪಟ್ಟೆ, ಮೇಲೆ ಬಿಳಿ ಸುಣ್ಣ. ಚಂದಕ್ಕೆ ಮಾತ್ರ ಹಾಗೆ ಮಾಡಿದ್ದಲ್ಲ. ಮಳೆ ನೀರು ನೆಲಕ್ಕೆ ಬಿದ್ದು ಸಿಡಿಯುವ ಜಾಗ ಅದು, ಎಮ್ಮೆ ಮೈ ಉಜ್ಜುವ ಜಾಗ ಅದು, ತೇವ ಏರುವ ಜಾಗವೂ ಅದೇ. ಕೆಡೋದು ಅಷ್ಟೇ ಭಾಗ, ಮತ್ತೆ ಬಳಿಯೋದೂ ಅಷ್ಟೇ ಭಾಗ. ಹೊರಗಿನಿಂದ ಬಂದವರು ಈ ಪಟ್ಟೆಯನ್ನು ಅಳಿಸಿ ನೆಲದವರೆಗೂ ಚಿತ್ರ ಇಳಿಸುತ್ತಾರೆ. ಮೊದಲು ಹಾಳಾಗೋದು ಚಿತ್ರದ ಪಾದ.

ಸುಣ್ಣದ ಗೋಡೆ ಸಿಕ್ಕರೆ ಅದೃಷ್ಟ. ಹಸಿ ಸುಣ್ಣದ ಗಿಲಾವಿನ ಮೇಲೆ ನೀರಲ್ಲಿ ಕಲಸಿದ ಮಣ್ಣಿನ ಬಣ್ಣ ಹಚ್ಚಿದರೆ ಅಂಟು ಬೇಕಿಲ್ಲ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಬಣ್ಣವನ್ನು ತನ್ನ ಜೊತೆ ಸೇರಿಸಿಕೊಂಡೇ ಗಟ್ಟಿಯಾಗುತ್ತದೆ. ಆದರೆ ಸುಣ್ಣಕ್ಕೆ ಎಲ್ಲ ಬಣ್ಣವೂ ಒಗ್ಗುವುದಿಲ್ಲ. ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಕಾಡಿಗೆ ನಿಲ್ಲುತ್ತವೆ. ಅಂಗಡಿಯ ಥಳಥಳ ಗುಲಾಬಿ, ನೇರಳೆ ಬಣ್ಣಗಳಲ್ಲಿ ಬಹಳಷ್ಟು ಬಿಳಿಚಿಕೊಳ್ಳುತ್ತವೆ. ಕರಾವಳಿ ಕಡೆ ಕಾವಿ ಕಲೆ ಅಂತ ಇದೆ. ಬಿಳಿ ಸುಣ್ಣದ ಗೋಡೆಗೆ ಕಾವಿ ಬೆರೆಸಿದ ಸುಣ್ಣ ಬಳಿದು, ಹಸಿ ಇರುವಾಗಲೇ ಗೀರಿ ಕೆಳಗಿನ ಬಿಳಿ ತೆಗೆಯುವುದು. ಎರಡೇ ಬಣ್ಣ. ಕುಮಟಾ, ಅಂಕೋಲಾ ಕಡೆಯ ಹಳೆಯ ಗುಡಿಗಳಲ್ಲಿ ನೋಡಬಹುದು. ಅಷ್ಟು ಜೋರು ಮಳೆಯ ಸೀಮೆಯಲ್ಲಿ ಅದು ಬಾಳಿದೆ.

ಮಳೆ ಅಂದೆ. ಹಾನಗಲ್ ಕಡೆ ಹಂಚಿನ ಮನೆ, ಮುಂದಕ್ಕೆ ಚಾಚಿದ ಸೂರು. ಗೋಡೆಗೆ ನೆರಳಿದೆ, ರಕ್ಷಣೆ ಇದೆ. ಗದಗ, ರೋಣದ ಕಡೆ ಮಣ್ಣಿನ ಮಾಳಿಗೆ ಮನೆ, ಸೂರೇ ಇಲ್ಲ. ಬಿಸಿಲೂ ನೇರ, ಮಳೆಯೂ ನೇರ. ಎರಡೂ ಕಡೆ ಒಂದೇ ತರದ ಚಿತ್ರ, ಒಂದೇ ತರದ ಬಣ್ಣ ಹೇಗೆ ನಡೆಯುತ್ತೆ ಹೇಳಿ.

ನಮ್ಮಲ್ಲಿ ಹಳೆಯ ಚಿತ್ರಗಳು ಎಲ್ಲಿ ಉಳಿದಿವೆ ನೋಡಿ. ಬಾದಾಮಿಯ 3ನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ 578ರ ಶಾಸನ ಇದೆ. ಅಲ್ಲಿ ಚಿತ್ರದ ತುಣುಕುಗಳು ಕಾಣೋದು ಮೇಲಿನ ಕಪೋತದ, ಅಂದರೆ ಮುಂದಕ್ಕೆ ಚಾಚಿದ ಕಲ್ಲಿನ ಸೂರಿನ, ಒಳಮೈಯಲ್ಲಿ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ವಿದ್ಯಾರಣ್ಯರ ಮೆರವಣಿಗೆಯ ಚಿತ್ರ ಇರೋದು ರಂಗಮಂಟಪದ ಚಾವಣಿಯಲ್ಲಿ. ಲೇಪಾಕ್ಷಿಯಲ್ಲೂ ಚಾವಣಿಯೇ. ಅಂದರೆ ಬಿಸಿಲು ಮಳೆ ಮುಟ್ಟದ ಜಾಗ. ಹೊರಗೋಡೆಯ ಚಿತ್ರ ನಮ್ಮಲ್ಲಿ ಹಬ್ಬಕ್ಕೆ ಬರೆದು, ಮುಂದಿನ ಹಬ್ಬಕ್ಕೆ ಅಳಿಸಿ ಮತ್ತೆ ಬರೆಯುವಂಥದ್ದು. ಮಲೆನಾಡಿನ ಹಸೆ ಚಿತ್ತಾರ ಹಾಗೇ. ದೀಪಾವಳಿಗೆ ನಮ್ಮ ಕಡೆ ಬಾಗಿಲ ಪಕ್ಕ ಹಾಕುವ ಕೆಮ್ಮಣ್ಣು ಸುಣ್ಣದ ಪಟ್ಟೆಗಳೂ ಹಾಗೇ. ಆದ್ದರಿಂದ ನೂರು ವರ್ಷ ಬಾಳುವ ಮ್ಯೂರಲ್ ಮಾಡ್ತೀವಿ ಅಂತ ಯಾರಾದರೂ ಭಾಷಣ ಮಾಡಿದರೆ ನಾನು ಸುಮ್ನೆ ಮೇಲೆ ನೋಡುತ್ತೇನೆ, ಅಲ್ಲಿ ಚಾವಣಿ ಇದೆಯಾ ಅಂತ.

ಇನ್ನು ಬರುವ ಕಲಾವಿದರ ವಿಷಯ.

ಹಳ್ಳಿಗೆ ಹೋದ ಕಲಾವಿದರಲ್ಲಿ ನನಗೆ ತುಂಬ ಇಷ್ಟವಾದವರು ಭಾಸ್ಕರ ಕುಲಕರ್ಣಿ. ಮುಂಬೈಯ ಚಿತ್ರಕಾರ. 1966-67ರಲ್ಲಿ ಬಿಹಾರದಲ್ಲಿ ಭಾರಿ ಬರ ಬಿತ್ತು. ಅಖಿಲ ಭಾರತ ಕರಕುಶಲ ಮಂಡಳಿಯಲ್ಲಿದ್ದ ಪುಪುಲ್ ಜಯಕರ್ ಇವರನ್ನು ಮಧುಬನಿಗೆ ಕಳಿಸಿದರು. ಅಲ್ಲಿನ ಹೆಂಗಸರು ಮದುವೆ ಕೋಣೆಯ ಗೋಡೆಗೆ ಚಿತ್ರ ಬರೆಯುತ್ತಿದ್ದರು. ಕುಲಕರ್ಣಿ ಆ ಗೋಡೆಗಳ ಮೇಲೆ ತಾವೇನೂ ಬರೆಯೋಕೆ ಹೋಗಲಿಲ್ಲ. ಹೆಂಗಸರ ಕೈಗೆ ಕಾಗದ ಕೊಟ್ಟರು. ಇದರ ಮೇಲೆ ಬರೀರಿ, ಮಾರೋಣ, ಕಾಳು ಕಡಿ ಆಗುತ್ತೆ ಅಂತ. ಸೀತಾ ದೇವಿ, ಗಂಗಾ ದೇವಿ, ಜಗದಂಬಾ ದೇವಿ ಅಂಥವರ ಹೆಸರು ಹೊರಗಿನವರಿಗೆ ಗೊತ್ತಾಗಿದ್ದು ಹೀಗೆ ಕಾಗದಕ್ಕೆ ಬಂದ ಮೇಲೆ. ಆಮೇಲೆ ಇದೇ ಕುಲಕರ್ಣಿ ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನ ಊರುಗಳಿಗೂ ಹೋದರು. ಅಲ್ಲಿನ ಚಿತ್ರಕಾರ ಜೀವ್ಯಾ ಸೋಮಾ ಮಶೆ ಅವರ ಕೈಯನ್ನು ಗುರುತಿಸಿದವರೂ ಇವರೇ. ಹೀಗೆ ಹೋಗಿ ಏನನ್ನೂ ಬರೆಯದೆ ಬರೋದೂ ಒಂದು ಕೆಲಸ. ನಮ್ಮ ಶಿಬಿರಗಳ ಅರ್ಜಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಎಷ್ಟು ಚದರ ಅಡಿ ಬರೆದಿರಿ ಅಂತ ಕೇಳುತ್ತಾರೆ.

ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದಲ್ಲಿ ಓರ್ಗೋಸೊಲೊ ಅಂತ ಒಂದು ಊರಿದೆ. ಕುರಿ ಕಾಯುವವರ ಊರು. 1969ರಲ್ಲಿ ಅಲ್ಲಿನ ಸಾಮೂಹಿಕ ಹುಲ್ಲುಗಾವಲನ್ನು ಸೈನ್ಯದ ಗುಂಡಿನ ತಾಲೀಮಿಗೆ ತಗೊಳ್ಳೋಕೆ ಹೊರಟರು. ಊರಿಗೆ ಊರೇ ಹೋಗಿ ಆ ನೆಲದ ಮೇಲೆ ಕೂತುಬಿಟ್ಟಿತು. ಅದೇ ವರ್ಷ ಮಿಲಾನಿನಿಂದ ಬಂದ ಒಂದು ತಂಡ ಮೊದಲ ಗೋಡೆ ಚಿತ್ರ ಬರೆಯಿತು. ನಿಜವಾಗಿ ಊರು ತುಂಬಾ ಚಿತ್ರ ಬಂದಿದ್ದು ಮಾತ್ರ 1975ರಿಂದ. ಫ್ರಾಂಚೆಸ್ಕೊ ದೆಲ್ ಕಸೀನೊ ಅನ್ನುವ ಡ್ರಾಯಿಂಗ್ ಮಾಸ್ತರರು ಶಾಲೆ ಮಕ್ಕಳನ್ನು ಕಟ್ಟಿಕೊಂಡು ಬರೆಯೋಕೆ ಶುರು ಮಾಡಿದರು. ಅವರೂ ಹೊರಗಿನವರೇ, ಸಿಯೆನಾದವರು. ಆದರೆ ಆ ಊರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಊರಿನ ಜಗಳ ಅವರಿಗೆ ಗೊತ್ತಿತ್ತು.

ಡ್ರಾಯಿಂಗ್ ಮಾಸ್ತರು ಅಂದಾಗ ನಮ್ಮ ಕಡೆಯವರಿಗೆ ಹೆಮ್ಮೆ ಆಗಬೇಕು. ಧಾರವಾಡದಲ್ಲಿ ಹಾಲಭಾವಿಯವರು ಕಲಾ ಶಾಲೆ ಕಟ್ಟಿದರು, ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ ಇದೆ. ಇಂಥ ಕಡೆ ಕಲಿತವರು ಊರೂರಿನ ಹೈಸ್ಕೂಲುಗಳಲ್ಲಿ ಮಾಸ್ತರರಾಗಿದ್ದಾರೆ. ಶಿಬಿರ ಮಾಡುವವರು ದೆಹಲಿಗೆ ಫೋನ್ ಮಾಡುವ ಮೊದಲು ಆ ಊರಿನ ಡ್ರಾಯಿಂಗ್ ಮಾಸ್ತರರನ್ನು ಮಾತಾಡಿಸಿದ್ದನ್ನು ನಾನು ಕಂಡಿದ್ದು ಕಡಿಮೆ.

ಊರಿನ ಜಗಳ ಅಂದೆನಲ್ಲ, ಅದರ ಬಗ್ಗೆ ಒಂದು ದೂರು ಇದೆ. ಹೊರಗಿನವರು ಬಂದ ಕೂಡಲೇ ಬರೆಯೋದು ಏನು? ನವಿಲು, ಜೋಡೆತ್ತು, ಕೊಡ ಹೊತ್ತ ಹೆಂಗಸು, ಕಸೂತಿಯ ಗೋಪುರ. ಕಸೂತಿ ನಮ್ಮದೇ, ಚಂದವೇ, ಇಲ್ಲ ಅಂತ ಯಾರೂ ಅನ್ನಲ್ಲ. ಆದರೆ ಅದು ಎಳೆ ಎಣಿಸಿ ಹಾಕುವ ಕೆಲಸ. ಅದನ್ನು ಹತ್ತು ಅಡಿಗೆ ಹಿಗ್ಗಿಸಿದರೆ ನೆಲಹಾಸಿನ ಟೈಲ್ಸ್ ತರ ಕಾಣುತ್ತದೆ. ನರಗುಂದ, ನವಲಗುಂದದ ಕಡೆ ಹೋದರೆ 1980ರ ರೈತರ ಹೋರಾಟವನ್ನು ನೆನೆಯುವವರು ಇನ್ನೂ ಇದ್ದಾರೆ. ಮುಂಡರಗಿ ಕಡೆ ಹಳ್ಳಿಗುಡಿಯ ರೈತರು 2011ರಲ್ಲಿ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲ್ಲ ಅಂತ ನಿಂತರು. ಕಪ್ಪತಗುಡ್ಡಕ್ಕಾಗಿ ಎಷ್ಟೋ ಜನ ಬೀದಿಗಿಳಿದರು, 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಇಷ್ಟೆಲ್ಲ ನಡೆದ ನೆಲದಲ್ಲಿ ಗೋಡೆ ಮೇಲೆ ಬರೀ ನವಿಲು ಯಾಕೆ? ಸಂಘಟಕರಿಗೆ ಭಯ ಇರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಊರವರಿಗೂ ಎಲ್ಲ ಜಗಳವನ್ನೂ ಗೋಡೆ ಮೇಲೆ ನೋಡುವ ಆಸೆ ಇರಲಿಕ್ಕಿಲ್ಲ. ಕೇಳಿ ನೋಡಬೇಕಲ್ವಾ?

ಊರ ಬದುಕನ್ನು ಹತ್ತಿರದಿಂದ ನೋಡಿದ ಕೆಲಸ ಬೇಕು ಅಂದರೆ ಶಿಗ್ಗಾವಿ ತಾಲ್ಲೂಕಿನ ಗೋಟಗೋಡಿಗೆ ಹೋಗಿ. ಹೆದ್ದಾರಿ ಪಕ್ಕದ ಉತ್ಸವ ರಾಕ್ ಗಾರ್ಡನ್ ಟಿ.ಬಿ. ಸೊಲಬಕ್ಕನವರ ಕೂಸು. ಗೋಡೆ ಚಿತ್ರ ಅಲ್ಲ, ಸಿಮೆಂಟಿನ ಶಿಲ್ಪ. ಅವರು 2020ರಲ್ಲಿ ತೀರಿಕೊಂಡರು. ದೊಡ್ಡಾಟಕ್ಕಾಗಿಯೂ ದುಡಿದವರು, ಹಳ್ಳಿಯ ಜನ ಹೇಗೆ ಕೂರುತ್ತಾರೆ, ಹೇಗೆ ನಿಲ್ಲುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. ಅಲ್ಲಿಗೆ ಬರುವ ಹಳ್ಳಿಯವರು ಶಿಲ್ಪದ ಮುಂದೆ ನಿಂತು ತಕರಾರು ಮಾಡುತ್ತಾರೆ: ಸೀರೆ ಹೀಗೆ ಉಡಲ್ಲ, ನೊಗ ಹೀಗೆ ಹೂಡಲ್ಲ ಅಂತ. ನೋಡುವವರು ತಪ್ಪು ಹುಡುಕುವಷ್ಟು ಹತ್ತಿರ ಬಂದರೆ ಕೆಲಸ ಅವರದ್ದೂ ಆಯಿತು ಅಂತಲೇ ನಾನು ತಿಳಿಯೋದು.

ಈಗ ಬಾಗಿಲ ಹತ್ತಿರ ಕೂತವರ ವಿಷಯ. ಫ್ಲೆಕ್ಸ್ ಬರುವ ಮೊದಲು ಹುಬ್ಬಳ್ಳಿಯ ಅಂಗಡಿ ಬೋರ್ಡು, ಬೀಡಿ, ಗೊಬ್ಬರ, ಸಿಮೆಂಟಿನ ಗೋಡೆ ಜಾಹೀರಾತು ಎಲ್ಲ ಪೇಂಟರುಗಳ ಕೈಯಲ್ಲೇ ಆಗುತ್ತಿತ್ತು. ಮದುವೆ ಮನೆಯ ಬಾಗಿಲ ಎರಡೂ ಕಡೆ ಬಾಳೆ ಗಿಡ, ಮೇಲೆ ಗಣಪತಿ, ಸುಸ್ವಾಗತ, ಗಂಡು ಹೆಣ್ಣಿನ ಹೆಸರು. ಮದುವೆ ಮುಗಿದು ಮಕ್ಕಳು ಶಾಲೆಗೆ ಹೋದರೂ ಆ ಹೆಸರು ಗೋಡೆ ಮೇಲೆ ಇರುತ್ತದೆ. ಫ್ಲೆಕ್ಸ್ ಬಂದು ಆ ಕೆಲಸ ಬಹಳಷ್ಟು ಹೋಯಿತು. ಕೆಲವರು ಮನೆಗೆ ಬಣ್ಣ ಹೊಡೆಯೋಕೆ ಹೋದರು, ಕೆಲವರು ಫ್ಲೆಕ್ಸ್ ಅಂಗಡಿಯಲ್ಲೇ ಕಂಪ್ಯೂಟರ್ ಮುಂದೆ ಕೂತರು.

ಒಂದು ಶಿಬಿರದಲ್ಲಿ ಕಲಾವಿದರು ಪ್ರೊಜೆಕ್ಟರ್ ತಂದಿದ್ದರು. ರಾತ್ರಿ ಚಿತ್ರವನ್ನು ಗೋಡೆಗೆ ಬಿಟ್ಟು ಗೆರೆ ಎಳೆಯೋದು ಪ್ಲಾನು. ಸರಿಯಾಗಿ ಆ ಹೊತ್ತಿಗೆ ಕರೆಂಟ್ ಹೋಯಿತು. ಮರುದಿನವೂ ಹೋಯಿತು. ಊರಿನ ಪೇಂಟರ್ ಬಂದು ನೋಡಿದರು, ಏನೂ ಮಾತಾಡಲಿಲ್ಲ. ದಾರಕ್ಕೆ ನೀಲಿ ಪುಡಿ ಹಚ್ಚಿದರು. ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯನ್ನು ಒಬ್ಬ ಹುಡುಗನಿಗೆ ಕೊಟ್ಟು, ಎಳೆದು ಬಿಗಿ ಮಾಡಿ, ನಡುವೆ ಬೆರಳಿಂದ ಎತ್ತಿ ಬಿಟ್ಟರು. ಟಪ್ ಅಂತ ಗೋಡೆ ಮೇಲೆ ಗೆರೆ ಬಿತ್ತು. ಅಡ್ಡಕ್ಕೆ, ಉದ್ದಕ್ಕೆ, ಇಡೀ ಗೋಡೆ ಚೌಕ ಚೌಕವಾಯಿತು. ಕಲಾವಿದನ ಕಾಗದದ ಮೇಲೂ ಪೆನ್ಸಿಲಿನಲ್ಲಿ ಅಷ್ಟೇ ಚೌಕ ಹಾಕಿಸಿದರು. ಗೋಡೆ ಸಮವಾಗಿರಲಿಲ್ಲ, ನಡುವೆ ಹೊಟ್ಟೆ ಬಂದಿತ್ತು. ಅಲ್ಲಿ ಚೌಕವನ್ನು ಸ್ವಲ್ಪ ಹಿಗ್ಗಿಸಿ ಹಾಕಿದರು, ರಸ್ತೆಯಿಂದ ನೋಡಿದರೆ ಸರಿ ಕಾಣಲಿ ಅಂತ. ಇದನ್ನು ಯಾವ ಕಾಲೇಜಿನಲ್ಲೂ ಅವರು ಕಲಿತದ್ದಲ್ಲ.

ಆ ಚಿತ್ರದ ಮೂಲೆಯಲ್ಲಿ ಕೊನೆಗೆ ಬಂದ ಹೆಸರು ಯಾರದ್ದು? ಕಲಾವಿದನದು, ಸಂಘಟಕರದು, ಬಣ್ಣ ಕೊಟ್ಟವರದು. ಪೇಂಟರ್‌ಗೆ ದಿನಗೂಲಿ. ಇದು ನನಗೆ ಸರಿ ಕಾಣಲ್ಲ. ಗೌರವಧನ ಒಬ್ಬರಿಗೆ, ಕೂಲಿ ಇನ್ನೊಬ್ಬರಿಗೆ ಅನ್ನುವ ಲೆಕ್ಕ ಇಟ್ಟುಕೊಂಡು ಹಳ್ಳಿಯ ಕಲೆ ಉಳಿಸ್ತೀವಿ ಅಂತ ಮೈಕ್ ಹಿಡಿಯಬಾರದು.

ಚಿತ್ರ ಮುಗಿದ ಮೇಲೆ ಏನಾಗುತ್ತದೆ ಅನ್ನೋದಕ್ಕೆ ಎರಡು ಊರಿನ ಉದಾಹರಣೆ ಕೊಡುತ್ತೇನೆ. ಸ್ಪೇನಿನಲ್ಲಿ ಫಾನ್ಸಾರಾ ಅಂತ ಸುಮಾರು 300 ಜನರ ಹಳ್ಳಿ. ಅಪಾಯಕಾರಿ ಕಸದ ಘಟಕ ಬೇಕು, ಬೇಡ ಅಂತ ವರ್ಷಗಟ್ಟಲೆ ಜಗಳವಾಗಿ ಊರು ಎರಡಾಗಿತ್ತು. 2014ರಲ್ಲಿ ಅಲ್ಲಿ ಗೋಡೆ ಚಿತ್ರದ ಕೆಲಸ ಶುರುವಾಯಿತು. ಬಂದ ಕಲಾವಿದರು ಊರವರ ಮನೆಯಲ್ಲೇ ಉಳಿದರು, ಊರವರೇ ಅಡುಗೆ ಮಾಡಿ ಹಾಕಿದರು. ಮಾತು ಬಿಟ್ಟವರು ಊಟದ ನೆಪದಲ್ಲಿ ಮತ್ತೆ ಒಟ್ಟಿಗೆ ಕೂತರು.

ಇನ್ನೊಂದು ದಕ್ಷಿಣ ಕೊರಿಯಾದ್ದು. ಸೋಲ್ ನಗರದ ಇಹ್ವಾ ಅನ್ನುವ ಗುಡ್ಡದ ಮೇಲಿನ ಬಡಾವಣೆ. 2006ರಲ್ಲಿ ಸರ್ಕಾರದ ಯೋಜನೆಯಲ್ಲಿ ಕಲಾವಿದರು ಬಂದು ಗೋಡೆ, ಮೆಟ್ಟಿಲು ಎಲ್ಲಕ್ಕೂ ಬಣ್ಣ ಬಳಿದರು. ಮೆಟ್ಟಿಲ ಮೇಲಿನ ಮೀನು, ಹೂವಿನ ಚಿತ್ರ ಬಹಳ ಹೆಸರಾಯಿತು. ಹೆಸರಾದ ಮೇಲೆ ಜನ ಬಂದರು. ಮನೆ ಕಿಟಕಿಯ ಕೆಳಗೆ ಹಗಲು ರಾತ್ರಿ ಗಲಾಟೆ, ಸೆಲ್ಫಿ, ಕಸ. 2016ರಲ್ಲಿ ಅಲ್ಲಿನ ನಿವಾಸಿಗಳೇ ಆ ಮೆಟ್ಟಿಲುಗಳಿಗೆ ಬೂದು ಬಣ್ಣ ಹೊಡೆದು ಚಿತ್ರ ಮುಚ್ಚಿಬಿಟ್ಟರು. ಪತ್ರಿಕೆಗಳಲ್ಲಿ ಅವರನ್ನು ಬೈದವರಿದ್ದರು. ನಾನು ಮೆಟ್ಟಿಲ ಪಕ್ಕದ ಮನೆಯವರ ಕಡೆ.

ನಮ್ಮ ಊರುಗಳಿಗೆ ಅಷ್ಟು ಜನ ಬರಲಿಕ್ಕಿಲ್ಲ. ಪ್ರೀ ವೆಡ್ಡಿಂಗ್ ಫೋಟೋದವರು ಬಂದೇ ಬರುತ್ತಾರೆ. ಒಂದು ಊರಿನಲ್ಲಿ ಮಗಳ ಮದುವೆ ಅಂತ ಮನೆಯವರು ಚಿತ್ರದ ಮೇಲೆ ಸುಣ್ಣ ಬಳಿದರು. ಸಂಘಟಕರಿಗೆ ಸಿಟ್ಟು ಬಂತು. ಎಷ್ಟು ಖರ್ಚು ಮಾಡಿದ್ದೆವು ಗೊತ್ತಾ ಅಂತ ಕೂಗಾಡಿದರು. ಮನೆಯ ಯಜಮಾನರು ಹೇಳಿದ್ದು ಇಷ್ಟೇ: “ಮದುವಿ ನಮ್ಮನಿದೋ ನಿಮ್ಮನಿದೋ?” ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಶಿಬಿರ ಶುರುವಾಗುವ ಮೊದಲೇ ಮನೆಯವರ ಹತ್ತಿರ ಒಂದು ಕಾಗದ ಬರೆದುಕೊಳ್ಳಬೇಕು, ಅದರಲ್ಲಿ ಅಳಿಸುವ ಹಕ್ಕು ಮನೆಯವರದ್ದು ಅಂತ ದಪ್ಪ ಅಕ್ಷರದಲ್ಲಿ ಇರಬೇಕು. ಕಲಾವಿದರು ಅದಕ್ಕೆ ಸಹಿ ಹಾಕಬೇಕು. ಹಾಕೋಕೆ ಮನಸ್ಸಿಲ್ಲದವರಿಗೆ ಕ್ಯಾನ್ವಾಸ್ ಇದ್ದೇ ಇದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

ಪಂಚಾಯಿತಿ ಸದಸ್ಯರೊಬ್ಬರು ಕೇಳಿದರು: ಮನೆ ಗೋಡೆಯ ರಗಳೆಯೇ ಬೇಡ, ಸರ್ಕಾರಿ ಶಾಲೆ ಗೋಡೆಗೆ ಬರೆಸಿದರೆ ಆಗಲ್ವಾ ಸರ್?

ಆಗುತ್ತೆ. ಆದರೆ ಅದೂ ಖಾಲಿ ಗೋಡೆ ಅಲ್ಲ. ಅಲ್ಲಿ ಕರ್ನಾಟಕದ ನಕಾಶೆ ಇರುತ್ತದೆ, ವರ್ಣಮಾಲೆ ಇರುತ್ತದೆ, ನಲಿ-ಕಲಿ ಕೋಣೆಯಲ್ಲಿ ಮಕ್ಕಳು ಕೂತು ಬರೆಯುವ ಎತ್ತರಕ್ಕೆ ಕರಿಹಲಗೆಯ ಪಟ್ಟಿ ಇರುತ್ತದೆ. ಮೇಡಂ ಪಾಠ ಮಾಡೋದು ಆ ನಕಾಶೆ ತೋರಿಸಿಯೇ. ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯವರನ್ನು, ಮೇಡಂ ಅವರನ್ನು ಕೇಳದೆ ಅದರ ಮೇಲೆ ಹಾರುವ ಹಕ್ಕಿ ಬರೆದರೆ ಮಕ್ಕಳಿಗೆ ಬೀದರ್ ಎಲ್ಲಿದೆ ಅಂತ ತೋರಿಸೋದು ಹೇಗೆ? ಕಾಂಪೌಂಡ್ ಗೋಡೆ ತಗೊಳ್ಳಿ, ಹೊರಬದಿ. ಅಲ್ಲಿ ಬೇಕಾದಷ್ಟು ಜಾಗ ಇರುತ್ತದೆ.

ಒಬ್ಬ ವಿದ್ಯಾರ್ಥಿ: ಊರವರು ದೇವರ ಚಿತ್ರವನ್ನೇ ಬರೀರಿ ಅಂತ ಹಟ ಮಾಡಿದರೆ?

ಬರೀರಿ. ಅದರಲ್ಲಿ ಕೀಳೇನೂ ಇಲ್ಲ. ಒಂದೇ ಎಚ್ಚರ. ಗಲೀಜು ಮಾಡುವವರನ್ನು ತಡೆಯೋಕೆ ಕೆಲವರು ದೇವರನ್ನು ಬರೆಸುತ್ತಾರೆ. ಅದು ಚಿತ್ರದ ಕೆಲಸ ಅಲ್ಲ, ಅಲ್ಲಿ ಒಂದು ಮೂತ್ರಿಖಾನೆ ಕಟ್ಟಿಸಿ ಅಂತ ಪಂಚಾಯಿತಿಗೆ ಹೇಳಿ. ಸದಸ್ಯರು ಇಲ್ಲೇ ಇದ್ದಾರೆ.

ಇನ್ನೊಬ್ಬ ವಿದ್ಯಾರ್ಥಿನಿ: ಶಿಬಿರಕ್ಕೆ ಯಾವ ತಿಂಗಳು ಒಳ್ಳೆಯದು?

ಊರಿನ ಜಾತ್ರೆ ಯಾವಾಗ ಅಂತ ಕೇಳಿ. ಜಾತ್ರೆಗೆ ಮೊದಲು ಹೇಗೂ ಎಲ್ಲರೂ ಮನೆಗೆ ಸುಣ್ಣ ಬಳಿಯುತ್ತಾರೆ, ಆಗ ಗೋಡೆ ತಯಾರಿರುತ್ತದೆ. ಸುಗ್ಗಿಯ ಕಾಲದಲ್ಲಿ ಹೋಗಬೇಡಿ, ಮನೆಯಲ್ಲಿ ಮಾತಾಡಿಸೋಕೂ ಯಾರೂ ಸಿಗಲ್ಲ, ಎಲ್ಲರೂ ಹೊಲದಲ್ಲಿ. ಏಪ್ರಿಲ್, ಮೇ ಬಿಸಿಲಿಗೆ ಗೋಡೆ ಕಾದಿರುತ್ತದೆ, ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನದ ಮೇಲೆ, ಪಶ್ಚಿಮದ ಗೋಡೆಗೆ ಬೆಳಗ್ಗೆ ಕೆಲಸ ಇಟ್ಟುಕೊಳ್ಳಿ.

ಬಾಗಿಲ ಹತ್ತಿರ ಕೂತಿದ್ದ ಪೇಂಟರ್ ಅಣ್ಣ ಕೊನೆಗೆ ಎದ್ದು ನಿಂತರು. ಹೆಸರು ಹಾಕೋದು ಇರಲಿ ಸರ್, ನಮ್ಮ ಕೂಲಿ ಎಷ್ಟು ಅಂತ ಮೊದಲೇ ಹೇಳ್ತಾರಾ ಅಂತ ಕೇಳಿದರು.

ಹೇಳಲೇಬೇಕು. ಬರೆದು ಕೊಡಿ ಅಂತ ನೀವೂ ಕೇಳಿ. ಸಾರುವೆ ಕಟ್ಟುವ ಖರ್ಚು ಬೇರೆ, ನಿಮ್ಮ ಕೂಲಿ ಬೇರೆ. ಎರಡನ್ನೂ ಸೇರಿಸಿ ಒಂದೇ ರೇಟು ಮಾತಾಡಬೇಡಿ.